ಅಪ್ಪ ಕೇಳದೆ ಹೋದ ಸದ್ದು

ಗದಗಿನ ದವಾಖಾನೆಯಿಂದ ಅಪ್ಪ ಇನ್ನಿಲ್ಲವೆಂಬ ಸುದ್ದಿ ಗಜೇಂದ್ರಗಡದ ಮನೆಗೆ ಬಂದ ಗಳಿಗೆಯಲ್ಲೇ, ಬನಶ್ರೀಯ ಕೈಯಲ್ಲಿದ್ದ ಅಪ್ಪನ ಫೋನು ಮೊಳಗಿತು.

“ಕಾಕಾರ, ಜೀವ ಬಂತ್ರಿ!”

ಅದು ಅವಳ ಪ್ರಯೋಗಾಲಯದ ಜೊತೆಗಾರ ಸಂಗನಬಸವನ ನಗುದನಿ.

ಅಪ್ಪನ ದೇಹ ಇನ್ನೂ ಮನೆಗೆ ಬಂದಿಲ್ಲ... ಇವನಿಗೆ ನಗುವೇ? ಅವಳು ಕರೆ ಕಡಿದಳು. ಆಮೇಲೆ ಅವನ ಒಂದು ಕರೆಯನ್ನೂ ಎತ್ತಲಿಲ್ಲ.

ಧಾರವಾಡದ ಪ್ರಯೋಗಾಲಯದಲ್ಲಿ ಇಬ್ಬರೂ ಜೊತೆಯಾಗಿ, ಮೊಟ್ಟೆಯೊಳಗಿನ ಮಿಡತೆಮರಿಯ ನರಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಿದ್ದರು. ಮೊದಲು ಅವು ದುಂಡಗೆ, ಮೂಕವಾಗಿ ಕೂತಿರುತ್ತವೆ. ಬರಬರುತ್ತ ಎಳೆ ಚಾಚುತ್ತವೆ. ಕೂದಲಿಗಿಂತ ಸಣ್ಣ ಗಾಜಿನ ನಳಿಕೆ ತಾಗಿಸಿದರೆ, ಎಳೆಯ ಕೋಶದಲ್ಲಿ ವಿದ್ಯುತ್ತಿನ ಅಲುಗಾಟವಷ್ಟೇ; ಬಲಿತ ಮೇಲೆ ತುಂಬು ಮಿಡಿತ. ಕಲಿಸುವ ತಾಯಿಯಿಲ್ಲ, ಸುತ್ತ ಮೈಯಿಲ್ಲ, ಆದರೂ ಮಿಡಿಯುತ್ತದೆ! ದೇವರ ಕೈಕೆಲಸಕ್ಕೆ ಎಣೆಯುಂಟೆ?

ಸೀರೆ ನೇಯುವ ಅಪ್ಪ ಅಂದಪ್ಪನವರು ಇದನ್ನು ಕೇಳಿ ಬೆರಗಾಗಿದ್ದರು. ತಟ್ಟೆಯ ಕೋಶ ಮಿಡಿದು ಜೀವ ಬಂದ ದಿನ ಮೊದಲು ತಮಗೇ ತಿಳಿಸಬೇಕೆಂದು ಸಂಗನಬಸವನಿಂದ ಮಾತು ತೆಗೆದುಕೊಂಡಿದ್ದರು. ಮಗಳಿಗೆ ಅದು ಗೊತ್ತಿರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅವನು ಬಂದ. ಅವಳ ತಾಯಿ ಗೌರವ್ವ ಚಾಪೆ ಹಾಸಿದರು. ಬನಶ್ರೀ ಮುಖ ತಿರುವಿದಳು.

“ಕಾಕಾಗ ಬಂದದ್ದು ಸಾದಾ ಜ್ವರ ಅಂದ್ಕೊಂಡಿದ್ದೆ, ಬನಶ್ರೀ. ಅವರಿಗೆ ಕೊಟ್ಟ ಮಾತಿತ್ತು... ಅದಕ್ಕ ಫೋನ್ ಹಚ್ಚಿದ್ದೆ.”

ಪ್ರಯೋಗಾಲಯದ ಯಂತ್ರವು ಸದ್ದಾಗಿಸಿದ ಕೋಶದ ಆ ಮಿಡಿತವನ್ನು ಅವನು ತನ್ನ ಫೋನಿನಲ್ಲಿ ಹಿಡಿದು ತಂದಿದ್ದ. ಅಂದಪ್ಪನವರ ಮಗ್ಗದ ಮೇಲಿಟ್ಟು ಕೇಳಿಸಿದ.

ಟಕ್... ಟಕ್ ಟಕ್... ಟಕ್.

ಅಪ್ಪನ ಲಾಳಿ ಆಡಿದ ಹಾಗೆ! ಅವಳ ತಡೆದ ಅಳು ಕಟ್ಟೆಯೊಡೆಯಿತು. ತಾನಿಲ್ಲದಾಗ ಆ ತಟ್ಟೆಗಳನ್ನು ಕೂಸಿನಂತೆ ಕಾದವನು ಇವನೇ ಅಲ್ಲವೇ...

ಮಗ್ಗದಲ್ಲಿ ಸೀರೆಯ ಒಡಲಿನ ಎಳೆಗಳು ಕುಣಿಕೆಯಾಗಿ ಕಾದಿದ್ದವು. ಸೆರಗಿನ ಎಳೆಗಳನ್ನು ಅವಕ್ಕೆ ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುವ ಮೊದಲೇ ಅಪ್ಪ ಹೊರಟುಹೋಗಿದ್ದರು.

“ಇದು ಒಬ್ಬರ ಕೈಲೆ ಆಗೂದಿಲ್ಲ,” ಎಂದಳು ಕಣ್ಣೊರೆಸಿಕೊಂಡು. “ಅಪ್ಪ ಎಳಿ ಕೊಡ್ತಿದ್ದ, ನಾ ಕೊಂಡಿ ಹಾಕ್ತಿದ್ದೆ.”

“ಇನ್ನ ಮ್ಯಾಲೆ ನಾ ಕೊಡ್ಲೇನು?... ಕಡೀತನಕ?”

“ಮಿಡತಿ ಹಿಡಿಯೋ ಕೈ ನಿಂದು. ಎಳಿ ಹರದ್ರ?”

“ಬೈಯಾಕ ನೀ ಇರ್ತೀಯಲ್ಲ.”

ಅವಳು ಕೈ ಚಾಚಿದಳು. ಮೊದಲ ಕೊಂಡಿ ಬಿತ್ತು.

ಗೌರವ್ವ ಊದಿನಕಡ್ಡಿ ಹಚ್ಚಿ ಮಗ್ಗಕ್ಕೆ ಕೈಮುಗಿದರು. ಶಿವನೇ, ಮೂಕ ಕಣಕ್ಕೂ ಮಿಡಿತ ಕೊಟ್ಟವನೇ, ದುಡಿದು ದಣಿದ ಆ ಜೀವವನ್ನು ನಿನ್ನ ಪಾದದಲ್ಲಿ ಇರಿಸಿಕೋ... ಅದಕ್ಕೆ ಶಾಂತಿ ಕೊಡು.