ರಿಲಕ್ಟಂಟ್ ಹುಡುಗಿಯ ಸೇಡು

ಹೈದರಾಬಾದಿನ ಅಮೀರ್‌ಪೇಟೆಯ ಅರ್ಧ ಹುಡುಗರಿಗೆ ಇಂಗ್ಲಿಷ್ ಕಲಿಸಿದವಳು ನಾನೇ!... ಸರಿ, ಅರ್ಧ ಸುಳ್ಳು. ನಾನು ಕಲಿಸಿದ್ದು ಜೋಳದ ರೊಟ್ಟಿ ತಿನ್ನುವುದನ್ನು. ಆದರೆ ನನ್ನ ಮೆಸ್ಸಿನಲ್ಲಿ ಉಣ್ಣುತ್ತಿದ್ದ ಸಿಂಧನೂರಿನ ಕೃಪಾ ಒಂದು ಇಂಗ್ಲಿಷ್ ಪದ ಕಲಿತಳು ನೋಡಿ, ಒಬ್ಬನ ಎದೆಗೆ ಇರಿಯಲಿಕ್ಕೆ!

ಊರಿಗೆಲ್ಲ ಸಾಫ್ಟ್‌ವೇರ್ ಹುಚ್ಚು ಹಿಡಿದಿದ್ದ ಕಾಲ. ಕೋಚಿಂಗಿನ ಮಕ್ಕಳು ದೊಡ್ಡ ದೊಡ್ಡ ಪದ ಬಾಯಿಪಾಠ ಮಾಡಿ, ಇಂಟರ್‌ವ್ಯೂ ಉತ್ತರದಲ್ಲಿ ಹೇಗಾದರೂ ತುರುಕುತ್ತಿದ್ದರು. ಅಭ್ಯಾಸದ ಇಂಟರ್‌ವ್ಯೂನಲ್ಲಿ ಕೃಪಾ ಎದ್ದು ನಿಂತಳು.

"ಐ ಆಮ್ ವೆರಿ ರಿಲಕ್ಟಂಟ್ ಟು ವರ್ಕ್, ಸರ್!"

ಉತ್ಸಾಹ ಎಂದುಕೊಂಡಿದ್ದಳು ಪಾಪ. ಅದರ ಅರ್ಥ, ಒಲ್ಲದ ಮನಸ್ಸು!

ಪ್ರಶ್ನೆ ಕೇಳುತ್ತಿದ್ದ ಮೈಸೂರಿನ ಮೇಷ್ಟ್ರು ಉಪೇಂದ್ರ ನಕ್ಕ. ಕ್ಲಾಸೇ ನಕ್ಕಿತು. ಆ ನಗು ಚಾರ್‌ಮಿನಾರ್‌ತನಕ ಕೇಳಿಸಿತು!

"ಅಜ್ಜೀ, ಅದೇ ಪದದಿಂದ ಅವನ ಮಾರಿ ಇಳಸಲಿಲ್ಲಂದ್ರ ನಾ ಕೃಪಾನ ಅಲ್ಲ!" ಅವಳ ಕಣ್ಣು ಕೆಂಡವಾಗಿತ್ತು.

"ಇಳಸವ್ವ. ಅವನೂ ಇಲ್ಲೇ ಉಣ್ತಾನಲ್ಲ, ಖಾರ ನಾ ನೋಡ್ಕೋತೀನಿ."

ಅಂದಿನಿಂದ ಅವಳ ಬಾಯಲ್ಲಿ ಒಲೆ ಬಿಟ್ಟೇಳದ ಬೆಕ್ಕೂ ರಿಲಕ್ಟಂಟ್, ನಾನೂ ರಿಲಕ್ಟಂಟ್!

"ಪಾತ್ರಿ ತಿಕ್ಕಾಕ ರಿಲಕ್ಟಂಟ್ ಏನಜ್ಜಿ?"

"ತಿಕ್ಕಾಕತ್ತೀನಲ್ಲ!"

"ಅದಕ್ಕ ರಿಲಕ್ಟಂಟ್. ಗೊಣಗಿ ಗೊಣಗಿ ಮಾಡೂದು. ಮಾಡೂದ ಇಲ್ಲ ಅಂದ್ರ ಅದು ಬ್ಯಾರೆ."

ಉಪೇಂದ್ರ ಮಾತ್ರ ಬಕೆಟ್‌ಗಟ್ಟಲೆ ಬೆವರು ಸುರಿಸುತ್ತ ಆ ಖಾರವನ್ನೇ ತಿಂದ. ಮೆಸ್ ಬದಲಿಸಲಿಲ್ಲ. ಯಾಕೆ?... ಕೃಪಾ ಯೋಚಿಸಲೂ ಒಪ್ಪಲಿಲ್ಲ.

ಕೆಲಸ ಸಿಕ್ಕ ದಿನ ಅವಳು ಪೇಢೆ ಹಂಚುತ್ತ ಬಂದಾಗ ಅವನು ಎದ್ದು ನಿಂತ.

"ಕೃಪಾ, ಅವತ್ತು ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ. ನನ್ನ ಮೊದಲನೇ ಇಂಟರ್‌ವ್ಯೂನಲ್ಲಿ ನಾನೂ ಹೀಗೇ ಪದ ತುರುಕಿ ಫೇಲಾಗಿದ್ದೆ, ಅದು ನೆನಪಾಯ್ತು. ಆದ್ರೂ ತಪ್ಪು ತಪ್ಪೇ, ಕ್ಷಮಿಸಿ. ಈ ಖಾರ ತಿಂದಿದ್ದೂ ನಿಮ್ಮನ್ನ ನೋಡೋಕೇ... ನನ್ನ ಮದುವೆ ಆಗ್ತೀರಾ?"

ಕೃಪಾಳ ಮನಸ್ಸನ್ನು ಅವಳ ಮುಖದಲ್ಲೇ ಓದಿದೆ... 'ಇದೇ ಗಳಿಗೆಗೇ ಕಾದಿದ್ದಲ್ಲವೇ ನಾನು? ಮತ್ತೆ ಕಣ್ಣೇಕೆ ತುಂಬುತ್ತಿದೆ?'

ಪೇಢೆ ಡಬ್ಬಿ ಎದೆಗೊತ್ತಿಕೊಂಡು, ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು.

"ಸಾರಿ ಸರ್. ಐ ಆಮ್ ರಿಲಕ್ಟಂಟ್."

ಅವನ ಮುಖ ಬಾಡಿತು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು! ಮರುಕ್ಷಣವೇ ಅವನ ಕಣ್ಣು ಅರಳಿತು. ಮೇಷ್ಟ್ರಲ್ಲವೇ!

"ನೋ ಅನ್ನಬಹುದಿತ್ತಲ್ಲ... ಈ ಪದಾನೇ ಯಾಕೆ?"

"ಸರಿಯಾಗಿ ಬಳಸೀನೋ ಇಲ್ಲೋ, ಅಷ್ಟ ಹೇಳ್ರಿ."

"ಅದನ್ನ ನೀವೇ ಹೇಳಬೇಕು..."

ಅವಳು ಪೇಢೆ ಡಬ್ಬಿ ಅವನ ಮುಂದೆ ಹಿಡಿದಳು. ನೋಟ ಮಾತ್ರ ನನ್ನ ಪಾತ್ರೆಗಳ ಮೇಲೆ. ಗೊಣಗುತ್ತಲೇ ನಾನು ತಿಕ್ಕಿ ಮುಗಿಸಿದ್ದ ಪಾತ್ರೆಗಳು, ಫಳಫಳ!

ಮುಂದೇನಾಯಿತು? ಪದದ ಅರ್ಥ ನಿಮಗೂ ಗೊತ್ತಲ್ಲ... ನೀವೇ ಹೇಳಿ ನೋಡೋಣ!