ಅಗರಖೇಡದ ಒಂದು ನಿಮಿಷ

ಇಂಡಿ ಪಟ್ಟಣದ ಲಾಡ್ಜೊಂದರ ಏಳನೇ ನಂಬರ್ ಕೋಣೆಯಲ್ಲಿ ವಿದ್ಯಾವತಿ ಬೋರಲು ಬಿದ್ದಿದ್ದಳು. ತಲೆಯ ಹಿಂದೆ ರಕ್ತ. ಬೆಳಗಿನ ಏಳೂವರೆ. ಚುರುಮುರಿ ಸೂಸಲಾ ತಿಂದು, ಚಹಾ ಕುಡಿದು ಬಂದ ನಾನೇ ಮೊದಲು ನೋಡಿದ್ದು. ನಾನು ಕೂಗಿದ ಕೂಗಿಗೆ ಚಡಚಣದ ತೋಟಗಳಲ್ಲಿ ದ್ರಾಕ್ಷಿ ಉದುರಿರಬೇಕು.

ಉಸಿರಿತ್ತು. ಕ್ಯಾಮೆರಾ ಇರಲಿಲ್ಲ. ಚಿತ್ರಗಳಿದ್ದ ಮೆಮೊರಿ ಕಾರ್ಡುಗಳ ಡಬ್ಬಿಯೂ ಇರಲಿಲ್ಲ.

ನಾನು ಕಲ್ಮೇಶ, ಬಸವನ ಬಾಗೇವಾಡಿಯವನು. ವಿದ್ಯಾವತಿಯ ಸಿನಿಮಾಕ್ಕೆ ಧ್ವನಿ ಹಿಡಿಯುವವನು. ಒಂಟಿಯಾಗಿ ಬದುಕುವವರು, ಅವರ ಪ್ರೀತಿ, ಅವರ ವಿಚಿತ್ರ ರೂಢಿಗಳು, ಇದಿಷ್ಟೇ ಸಿನಿಮಾ. ಹಣ ಹಾಕುವ ದೊಡ್ಡವರು ಯಾರೂ ಇಲ್ಲ. ಅವಳೇ ನಿರ್ದೇಶಕಿ, ಅವಳೇ ಕ್ಯಾಮೆರಾ. ಉಳಿದ ಇನ್ನೂರು ಜನರ ಕೆಲಸ ನನ್ನೊಬ್ಬನದು.

ಆಂಬುಲೆನ್ಸ್ ಅವಳನ್ನು ವಿಜಯಪುರಕ್ಕೆ ಒಯ್ದಿತು. ಪಿಎಸ್‌ಐ ಸುಮಂಗಲಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು.

"ನಿಮಗೇನೂ ಸಪ್ಪಳ ಕೇಳಲಿಲ್ಲೇನ್ರಿ?"

"ನಾ ಅಲ್ಲಿ ಇದ್ದಿದ್ರ ಬಿಡ್ತಿದ್ನೇನ್ರಿ? ಸಿಂದಗ್ಯಾಗ ಇರುವಿ ಸೀನಿದ್ರ ಮುದ್ದೇಬಿಹಾಳದಾಗ ಕೇಳೋ ಕಿವಿ ಇದು!"

"ಇರುವಿ ಸುದ್ದಿ ಆಮ್ಯಾಲ. ಯಾರ ಮ್ಯಾಲ ಸಂಶಯ?"

"ಇಡೀ ಜಿಲ್ಲಾದ ಮ್ಯಾಲ."

"ಸಿನಿಮಾದಾಗ ಇದ್ದವರ ಹೆಸರಷ್ಟ ಹೇಳ್ರಿ, ಸಾಕು."

ಮೂವರು. ಸಿಂದಗಿಯ ರಾವಸಾಬ: ಪೋಸ್ಟ್‌ಮನ್ ಬಾಗಿಲಿಗೆ ಬರಲೆಂದು ವಾರಕ್ಕೊಂದು ಪತ್ರವನ್ನು ತನಗೆ ತಾನೇ ಬರೆದುಕೊಳ್ಳುವವ. ಮುದ್ದೇಬಿಹಾಳದ ಕಸ್ತೂರೆವ್ವ: ಬಿಟ್ಟುಹೋದ ಗಂಡನ ಅಂಗಿಯನ್ನು ಪ್ರತಿ ಸೋಮವಾರ ಒಗೆದು ಇಸ್ತ್ರಿ ಮಾಡಿಡುವವಳು. ಅಗರಖೇಡದ ಬಸಂತರಾಯ: ಎರಡು ವರ್ಷದ ಹಿಂದೆ ಮಗಳು ದಾನೇಶ್ವರಿ ಯಾರದೋ ಜೊತೆ ಓಡಿಹೋದ ಮೇಲೆ ತೋಟದ ಮನೆಯಲ್ಲಿ ಒಬ್ಬನೇ ಉಳಿದವ. ಅವನು ಅತ್ತ ದಿನ ನನ್ನ ಕಣ್ಣಿನಿಂದ ಭೀಮಾ ನದಿಗೇ ನೆರೆ ಬಂದಿತ್ತು.

ವಿದ್ಯಾವತಿಯ ಫೋನಿನಲ್ಲಿ ಹಿಂದಿನ ದಿನ ರಾವಸಾಬನಿಂದ ಬಂದ ಹನ್ನೊಂದು ಕರೆಗಳಿದ್ದವು. ಜೀಪು ಸಿಂದಗಿಗೆ ತಿರುಗಿತು.

* * *

ರಾವಸಾಬ ಬಾಗಿಲಲ್ಲೇ ಕೈಮುಗಿದ.

"ನನ್ನ ಚಿತ್ರ ಅಳಸ್ರಿ ಅಂತ ಫೋನ್ ಮಾಡಿದ್ದು ಖರೇ ಐತ್ರಿ. ಪತ್ರ ನಾನ ಬರಕೋತೇನಿ ಅಂತ ಗೊತ್ತಾದ್ರ ಪೋಸ್ಟ್‌ಮನ್ ನನ್ನ ಮುಖಾ ನೋಡ್ತಾನೇನ್ರಿ?"

"ಮುಂಜಾನಿ ಏಳಕ್ಕ ಎಲ್ಲಿದ್ರಿ?"

"ಕಟಿಂಗ್ ಅಂಗಡ್ಯಾಗ."

ಅಂಗಡಿಯವನು ಹೌದೆಂದ. ಅಲ್ಲಿ ಕೂತಿದ್ದ ಇನ್ನಿಬ್ಬರೂ ಹೌದೆಂದರು.

ಮರಳುವ ದಾರಿಯಲ್ಲಿ ಚಹಾಕ್ಕೆ ನಿಂತಾಗ ನನಗೆ ಸುಮ್ಮನಿರಲಾಗಲಿಲ್ಲ. ಕಸ್ತೂರೆವ್ವನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. ಆಮೇಲೆ ಬಸಂತರಾಯನಿಗೆ.

"ಕಾರ್ಡ್ ಹೋದ್ರ ಹೋಗ್ಲಿ ಬಿಡ್ರಿ ಕಾಕಾ. ಧ್ವನಿ ಬ್ಯಾರೆ ಯಂತ್ರದಾಗ ತುಂಬತೈತಿ. ನಿಮ್ಮ ಮನಿ ಒಂದೊಂದು ಉಸರೂ ನನ್ನ ಹೆಗಲ ಚೀಲದಾಗ ಐತಿ!"



"ಹೌದೇನಪಾ?" ಎಂದ. ಫೋನ್ ಇಟ್ಟ.

* * *

ಇಂಡಿ ಠಾಣೆಯಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡೆ. ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಬಾಯಿ ಮುಚ್ಚಿ ನಿಲ್ಲಬೇಕು. ಆ ಮನೆಯ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿಯಬೇಕು. ಮಾತಿನ ತುಂಡುಗಳನ್ನು ಜೋಡಿಸುವಾಗ ನಡುವೆ ತುಂಬಲು ಅದು ಬೇಕು.

ಅಗರಖೇಡದ ಮನೆಯದು ಬಂತು. ಮೊದಲು ಬಸಂತರಾಯನ ಅಳು.

"ಈ ಮನ್ಯಾಗ ರೊಟ್ಟಿ ಬಡ್ಯೋ ಸಪ್ಪಳ ನಿಂತು ಎರಡು ವರ್ಷಾತ್ರಿ. ಖಾನಾವಳಿ ರೊಟ್ಟಿನ ಗತಿ."

ಆಮೇಲೆ ನನ್ನದೇ ಕೂಗು: "ಎಲ್ಲಾರೂ ಸುಮ್ಮನಿರ್ರಿ! ಒಂದ ನಿಮಿಷ!"

ಲಿಂಬೆ ಗಿಡಗಳಲ್ಲಿ ಗಾಳಿ. ಎಲ್ಲೋ ಹಲ್ಲಿ. ಯಾರೋ ಉಸಿರು ನುಂಗಿದ ಸದ್ದು.

ಟಪ್. ಟಪ್. ಟಪ್.

ಗೋಡೆಯ ಆಚೆಯಿಂದ. ತಡೆದು, ಮತ್ತೆ ಟಪ್, ಟಪ್, ಟಪ್.

ಆ ಮನೆಯ ಸುತ್ತ ಒಂದು ಮೈಲಿ ಇನ್ನೊಂದು ಮನೆ ಇಲ್ಲ. ಹೆಡ್‌ಫೋನ್ ತೆಗೆದು ಸುಮಂಗಲಾ ಅವರ ಕಿವಿಗೆ ಒತ್ತಿದೆ.

"ಯಾರೋ ರೊಟ್ಟಿ ಬಡ್ಯಾಕತ್ತಾರ," ಎಂದರು. "ಅವತ್ತ ಕೇಳಲಿಲ್ಲೇನ್ರಿ?"

ಕೇಳಿತ್ತು. ಹುಟ್ಟಿದಾಗಿನಿಂದ ಪ್ರತಿ ಸಂಜೆ ಕೇಳಿದ ಸದ್ದು. ಮನೆ ಅಂದಮೇಲೆ ಇರುವುದೇ ಎಂದು ಕಿವಿ ಬಿಟ್ಟುಬಿಟ್ಟಿತ್ತು.

"ಮೇಡಮ್, ನಾ ಬಸಂತರಾಯಗ ಫೋನ್ ಮಾಡೇನಿ. ಧ್ವನಿ ನನ್ನ ಹತ್ರ ಐತಿ ಅಂತ ಹೇಳೇನಿ."

"ಯಾವಾಗ?"

"ಒಂದ ತಾಸ ಆತ್ರಿ."

ಸುಮಂಗಲಾ ಆಗಲೇ ಓಡುತ್ತಿದ್ದರು.

* * *

ಅಗರಖೇಡದ ದಾರಿ ಅವತ್ತು ಕಾಶಿಗಿಂತ ದೂರವಾಯಿತು. ಆ ರೊಟ್ಟಿ ಬಡಿದವಳು ಬದುಕಿರಬೇಕು ಎಂಬುದೊಂದೇ ನನ್ನ ತಲೆಯಲ್ಲಿ. ಇಲ್ಲದಿದ್ದರೆ ಕೊಂದದ್ದು ನನ್ನ ನಾಲಿಗೆ.

ಬಸಂತರಾಯ ತಾನೇ ಬಾಗಿಲು ತೆರೆದ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡಿದ್ದ.

"ಬರ್ರಿ. ಮಜ್ಜಗಿ ಕುಡೀತೀರೇನು?"

ಪಡಸಾಲೆಯ ಮಂಚದ ಮೇಲೆ ಮಜ್ಜಿಗೆಯ ಎರಡು ಗ್ಲಾಸು. ಒಬ್ಬನೇ ಇರುವ ಮನೆಯಲ್ಲಿ ಎರಡು. ತುಂಬಿದ್ದವು. ಸುಮಂಗಲಾ ಒಂದನ್ನು ಮೂಗಿಗೆ ಹಿಡಿದು ಥಟ್ಟನೆ ದೂರ ಸರಿಸಿದರು. ಗಿಡಗಳಿಗೆ ಹೊಡೆಯುವ ಔಷಧದ ವಾಸನೆ.

"ಒಳಗಿನ ಬಾಗಿಲಾ ತಗೀರಿ."

"ಅದು ಅಡಗಿ ಮನಿರಿ. ಎರಡು ವರ್ಷದಿಂದ ಕೀಲಿ."

ಕಾನ್‌ಸ್ಟೆಬಲ್ ಖಾಜಾಸಾಬ ಕೀಲಿ ಒಡೆದ. ಒಳಗೆ ಒಲೆ ಬೆಚ್ಚಗಿತ್ತು. ಗೋಡೆಗೆ ಬೆನ್ನು ಹಚ್ಚಿ ಒಬ್ಬ ಹುಡುಗಿ ನಿಂತಿದ್ದಳು. ಬೆಳಕಿಗೆ ಕಣ್ಣು ಮುಚ್ಚಿಕೊಂಡಳು.

ದಾನೇಶ್ವರಿ.

* * *

ಬಸಂತರಾಯ ಕಂಬಕ್ಕೆ ಒರಗಿ ಕುಸಿದ.

"ಚಡಚಣದ ಹುಡುಗನ್ನ ಮದಿವಿ ಆಗ್ತೇನಿ ಅಂದ್ಲು. ಅದಕ್ಕ ಕೂಡಿಹಾಕಿದೆ. ಓಡಿ ಹೋದ್ಲು ಅಂತ ಊರಿಗೆ ಹೇಳಿದೆ. ನಾ ಅತ್ತದ್ದು ಸುಳ್ಳಲ್ರಿ. ಹೇಳಿ ಹೇಳಿ ನನಗೂ ಖರೇನ ಹೋಗ್ಯಾಳ ಅನಿಸ್ತಿತ್ತು."

"ವಿದ್ಯಾವತಿನ್ನ ಯಾಕ ಹೊಡದ್ರಿ?"

"ನಿನ್ನೆ ಸಂಜೀಕ ಫೋನ್ ಮಾಡಿದ್ರು. ಚಿತ್ರದಾಗ ಒಳಗಿನ ಕಿಟಕ್ಯಾಗ ಬಳಿ ಹಾಕಿದ ಕೈ ಕಾಣತೈತಿ, ಯಾರದು ಅಂತ ಕೇಳಿದ್ರು. ಕ್ಯಾಮೆರಾ, ಕಾರ್ಡ್ ಎಲ್ಲಾ ಬಾವಿಗೆ ಒಗದೇನಿ."

"ಚಿತ್ರ ಕದ್ರಿ, ಧ್ವನಿ ಬಿಟ್ರಿ," ಎಂದರು ಸುಮಂಗಲಾ. "ಅದು ಬ್ಯಾರೆ ಇರತೈತಿ ಅಂತ ನಿಮಗ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲ ಎರಡು ಗ್ಲಾಸ್ ಇಟ್ರಿ, ಮಗಳಿಗೊಂದು, ನಿಮಗೊಂದು. ಆದ್ರ ಎಲ್ಲಾರೂ ಸುಮ್ಮ ನಿಂತಾಗ ಆ ಸಪ್ಪಳ ನಿಮಗ ಹ್ಯಾಂಗ ಕೇಳಲಿಲ್ಲ?"

"ದಿನಾ ಸಂಜೀಕ ಬಿಸಿ ರೊಟ್ಟಿ ತಿನ್ನಾಂವ್ರಿ ನಾ. ಅದು ಸಪ್ಪಳ ಅಂತ ಅನಿಸಲಿಲ್ಲ."

ದಾನೇಶ್ವರಿ ಮೊದಲ ಸಲ ಬಾಯಿ ತೆರೆದಳು. ನನ್ನನ್ನೇ ನೋಡುತ್ತಿದ್ದಳು.

"ಕೂಗಿದ್ರ ಆ ಹುಡುಗನ್ನ ಕಡೀತೇನಿ ಅಂದಿದ್ದ ಅಪ್ಪ. ಅದಕ್ಕ ಕೂಗಲಿಲ್ಲ. ನೀವು ಸುಮ್ಮನಿರ್ರಿ ಅಂತ ಒದರಿದ್ರಿ. ಯಾರೋ ಕೇಳ್ಸಕೋಳಾಕತ್ತಾರ ಅಂತ ಗೊತ್ತಾತು. ಹಿಟ್ಟ ತಗೊಂಡು ಕುಂತೆ."



ವಿಜಯಪುರದಿಂದ ಫೋನ್ ಬಂತು. ವಿದ್ಯಾವತಿ ಕಣ್ಣು ಬಿಟ್ಟಿದ್ದಳು.

ಬಸಂತರಾಯನನ್ನು ಜೀಪಿಗೆ ಹತ್ತಿಸಿದರು. ಅವನು ಒಳಗಿಂದ ತಲೆ ಹೊರಹಾಕಿದ.

"ಬಿಪಿ ಗುಳಿಗಿ ಎಲ್ಲಿ ಇಟ್ಟೀಯವ್ವಾ?"

"ಅಡಗಿ ಮನ್ಯಾಗ, ಕನ್ನಡಿ ಹಿಂದ ಐತಿ," ಎಂದಳು ದಾನೇಶ್ವರಿ.

ಖಾಜಾಸಾಬ ತರಲು ಹೋದ. ಅವಳು ಹೊಸ್ತಿಲು ದಾಟಿದಳು. ಚಪ್ಪಲಿ ಇರಲಿಲ್ಲ, ಎರಡು ವರ್ಷ ಬೇಕಾಗಿರಲಿಲ್ಲ. ನನ್ನವನ್ನು ಬಿಟ್ಟು ಮುಂದೆ ಸರಿಸಿದೆ. "ಬ್ಯಾಡ್ರಿ," ಎಂದಳು. ಲಿಂಬೆ ಗಿಡಗಳ ನಡುವೆ ಹಾದಿ ತುಂಬ ಮುಳ್ಳು. ಎರಡು ಸಲ ನಿಂತು, ಕಿತ್ತೊಗೆದು, ಮತ್ತೆ ನಡೆದಳು. ರಸ್ತೆಗೆ ನಲವತ್ತು ಹೆಜ್ಜೆ. ಎಣಿಸಿದ್ದೇನೆ, ಒಂದೂ ಹೆಚ್ಚು ಹೇಳಿಲ್ಲ.