ಇಟ್ಟಿಗೆಯ ಮೇಲೆ ಕೂತ ಕಾರು

ನಮ್ಮ ಯಜಮಾನರು ಜಯನಗರದ ಮನೆಯ ಶೆಡ್ಡಿನಲ್ಲಿ ಹಳೇ ಕಾರೊಂದನ್ನು ವರ್ಷಗಟ್ಟಲೆ ರಿಪೇರಿ ಮಾಡಿದರು. ಅದಕ್ಕೆ ಎಂಜಿನ್ನೇ ಇರಲಿಲ್ಲ. ಚಕ್ರಗಳು ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲೆ ಕೂತಿತ್ತು. ಅರವತ್ತೆರಡರ ಆಯುಧಪೂಜೆಯ ದಿನ, ಹೊರಡುವ ಗಾಡಿಗೆ ಇಡುವ ಹಾಗೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು.

“ಈ ತಗಡಿಗೆ ನಿಂಬೆಹಣ್ಣು ಬೇರೆ ಕೇಡು. ನಾಳೆ ಗುಜರಿಯವನಿಗೆ ಕೊಟ್ಬಿಡ್ತೀನಿ,” ಎಂದೆ.

“ಅದರ ಎದುರಿಗೆ ಹಾಗನ್ಬೇಡ ಕಣೇ.”

“ಯಾಕೆ, ಅತ್ತುಬಿಡತ್ತಾ?”

ಅವರು ದೇವಸ್ಥಾನಕ್ಕೆ ಹೋದರು. ನಾನು ಒಲೆಯ ಮುಂದೆ ಕೂತು ಹೋಳಿಗೆ ಬೇಯಿಸುತ್ತಿದ್ದಾಗ ಬೆನ್ನಿಗೆ ಪೆಟ್ರೋಲು ವಾಸನೆಯ ಬಿಸಿಗಾಳಿ ತಗುಲಿತು. ತಿರುಗಿದರೆ ಯಾರೂ ಇಲ್ಲ. ಶೆಡ್ಡಿಗೆ ಹೋಗಿ ನೋಡಿದೆ. ಕಾರು ಇಟ್ಟಿಗೆಗಳ ಮೇಲೆಯೇ ಇತ್ತು, ನಿಂಬೆಹಣ್ಣುಗಳು ಅಪ್ಪಚ್ಚಿಯಾಗಿದ್ದವು. ಅಲ್ಲಿಂದ ಅಡುಗೆಮನೆಯ ಮೆಟ್ಟಿಲವರೆಗೆ ಚಕ್ರದ ಒದ್ದೆ ಗುರುತು.

ಮರುದಿನ ಗುಜರಿಯವನನ್ನು ಬಾಗಿಲಿನಿಂದಲೇ ವಾಪಸು ಕಳಿಸಿದೆ. ದೇವರಾಣೆಗೂ ಹೇಳುತ್ತೇನೆ, ಆ ಚಕ್ರಗಳು ಹಿಂದಿರುಗಿದ ಗುರುತು ಎಲ್ಲಿಯೂ ಇರಲಿಲ್ಲ.